ರಾಯಚೂರಿನಿಂದ ಲಾಹೌಲ್‌ಗೆ: ಕಡಿಮೆ ಖರ್ಚಿನ ಸೆಪ್ಟೆಂಬರ್ ಹಿಮಾಲಯ, ಹಂತ ಹಂತವಾಗಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಿಮಾಲಯ ನೋಡಬೇಕು ಅನ್ನುವವರು ಬಹಳ ಜನ ಇದ್ದಾರೆ. ಹೊರಡುವವರು ಕಡಿಮೆ. ಯಾಕೆ ಅಂತ ಕೇಳಿದರೆ ದುಡ್ಡಿನ ಮಾತು ಬರುತ್ತದೆ. ವಿಮಾನ, ಬಾಡಿಗೆ ಕಾರು, ಪ್ಯಾಕೇಜ್ ಟೂರ್, ತಲೆಗೆ ಮೂವತ್ತು ನಲವತ್ತು ಸಾವಿರ ಅಂತ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ಅಷ್ಟು ಬೇಕಿಲ್ಲ. ರೈಲಿನ ಸ್ಲೀಪರ್ ಬೋಗಿ, ಸರ್ಕಾರಿ ಬಸ್ಸು, ಸಾದಾ ರೂಮು, ಇಷ್ಟರಲ್ಲೇ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ ಹೋಗಿ ಬರಬಹುದು. ಒಬ್ಬರಿಗೆ 13ರಿಂದ 15 ಸಾವಿರ ರೂಪಾಯಿ ಇಟ್ಟುಕೊಳ್ಳಿ, 12 ದಿನ ರಜೆ ಹಾಕಿ.

ಒಂದು ಷರತ್ತು ಮಾತ್ರ ಇದೆ. ಒಂದೇ ಕಣಿವೆ ನೋಡಬೇಕು. ಮನಾಲಿ, ಸ್ಪಿತಿ, ಲೇಹ್, ಪ್ಯಾಂಗಾಂಗ್ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುತ್ತೇನೆ ಅಂದರೆ ದುಡ್ಡೂ ಹೋಗುತ್ತದೆ, ಮೈಯೂ ಕೆಡುತ್ತದೆ. ಬೆಟ್ಟದಲ್ಲಿ ಜಾಸ್ತಿ ಖರ್ಚಾಗುವುದು ಉಳಿಯುವುದಕ್ಕಲ್ಲ, ಓಡಾಡುವುದಕ್ಕೆ. ಎತ್ತರದ ಗಾಳಿಗೆ ಮೈ ಹೊಂದಿಕೊಳ್ಳಬೇಕು ಅಂದರೂ ಒಂದೇ ಕಡೆ ನಿಲ್ಲಬೇಕು. ಅಂದ್ರೆ ಜೇಬು ಮತ್ತು ಮೈ ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ. ಮುಂದೆ ಬರುವ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ.

ಹಂತ 1: ಯಾಕೆ ಲಾಹೌಲ್?

ಲೇಹ್ ದೂರ. ಸ್ಪಿತಿ ಚೆಂದ, ನಿಜ. ಆದ್ರೆ ಮನಾಲಿಯಿಂದ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಕುಂಜುಮ್ ಕಣಿವೆದಾರಿ ದಾಟಿ ಹೋಗಬೇಕು, ಅದು 4,500 ಮೀಟರ್‌ಗಿಂತ ಎತ್ತರ, ರಸ್ತೆ ಕೆಟ್ಟದ್ದು, ಇಡೀ ದಿನ ಬಸ್ಸಲ್ಲೇ ಕಳೆಯುತ್ತದೆ. ಶಿಮ್ಲಾ, ಕಿನ್ನೌರ್ ಕಡೆಯಿಂದ ನಿಧಾನಕ್ಕೆ ಏರುತ್ತಾ ಹೋಗುವುದು ಮೈಗೆ ಒಳ್ಳೆಯದು, ಆದರೆ ಅದಕ್ಕೆ ಇನ್ನೂ ನಾಲ್ಕೈದು ದಿನ ಬೇಕು. ಸಣ್ಣ ರಜೆಗೆ ಅದು ಹೊಂದುವುದಿಲ್ಲ.

ಲಾಹೌಲ್ ಮನಾಲಿಯ ಬೆನ್ನಿಗೇ ಇದೆ. ಮೊದಲು 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಿ ಇಳಿಯಬೇಕಿತ್ತು, ಚಳಿಗಾಲದಲ್ಲಿ ಹಿಮ ಬಿದ್ದು ಆ ದಾರಿ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲೆಕ್ಕ ಬದಲಾಯಿತು. ಈಗ ಮನಾಲಿಯಿಂದ ಜಿಲ್ಲಾ ಕೇಂದ್ರ ಕೇಲಾಂಗ್‌ಗೆ ಸುಮಾರು 70 ಕಿಲೋಮೀಟರ್, ಬಸ್ಸಲ್ಲಿ ಎರಡೂವರೆಯಿಂದ ಮೂರು ಗಂಟೆ. ರೋಹ್ತಾಂಗ್‌ಗೆ ಬೇಕಾಗುವ ಪರ್ಮಿಟ್ ಸುರಂಗಕ್ಕೆ ಬೇಡ.

ಸುರಂಗದ ಈಚೆ ದೇವದಾರು ಮರ, ಮಳೆ, ಮೋಡ. ಆಚೆ ಬೋಳು ಬೆಟ್ಟ, ನೀಲಿ ಆಕಾಶ, ಕೆಳಗೆ ಬೂದು ಬಣ್ಣದ ಚಂದ್ರಾ ನದಿ. ಪಶ್ಚಿಮ ಘಟ್ಟ ಮಳೆಯನ್ನೆಲ್ಲ ಹಿಡಿದು ನಮ್ಮ ರಾಯಚೂರಿಗೆ ಬಿಸಿಲು ಕಳಿಸುತ್ತದಲ್ಲ, ಅದೇ ಆಟ ಅಲ್ಲಿ ಪೀರ್ ಪಂಜಾಲ್ ಬೆಟ್ಟಸಾಲು ಆಡುತ್ತದೆ. ಸೆಪ್ಟೆಂಬರ್‌ನಲ್ಲಿ ಮನಾಲಿ ತೊಯ್ದಿರುವಾಗ ಕೇಲಾಂಗ್ ಒಣಗಿರುವುದಕ್ಕೆ ಇದೇ ಕಾರಣ.

ಹಂತ 2: ತಾರೀಖು ಗಟ್ಟಿ ಮಾಡಿ

ಸೆಪ್ಟೆಂಬರ್ 12ರಿಂದ 30ರ ನಡುವೆ ಇಟ್ಟುಕೊಳ್ಳಿ. ಅಲ್ಲಿ ಅದು ಬೇಸಿಗೆಯ ಬಾಲ. ಹಗಲು ಬಿಸಿಲು, ರಾತ್ರಿ ಚಳಿ, ಜನ ಕಡಿಮೆ. ಜೂನ್ ರಜೆಯ ಗದ್ದಲ ಮುಗಿದಿರುತ್ತದೆ, ರೂಮಿನವರು ರೇಟಿನಲ್ಲಿ ಮಾತಿಗೆ ಸಿಗುತ್ತಾರೆ.

ಆಗಸ್ಟ್ ಬೇಡ. ಲಾಹೌಲ್ ಒಣಗಿದ್ದರೂ ಅಲ್ಲಿಗೆ ಹೋಗುವ ದಾರಿ ಮಂಡಿ, ಕುಲ್ಲು ಮೂಲಕ ಬಿಯಾಸ್ ನದಿಯ ಪಕ್ಕದಲ್ಲೇ ಹಾದುಹೋಗುತ್ತದೆ. 2023ರ ಜುಲೈನಲ್ಲಿ ಆ ನದಿ ಉಕ್ಕಿ ಏನು ಮಾಡಿತು ಅಂತ ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. 2025ರ ಆಗಸ್ಟ್ ಕೊನೆಯಲ್ಲೂ ಕುಲ್ಲು-ಮನಾಲಿ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ಮುಂಗಾರು ಆ ಕಡೆಯಿಂದ ಹಿಂದೆ ಸರಿಯುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಹಾಗಾಗಿ ತಡ ಆದಷ್ಟೂ ದಾರಿ ಸುರಕ್ಷಿತ. ಅಕ್ಟೋಬರ್ ಆದರೆ ಚಳಿ ನಿಜಕ್ಕೂ ಕಚ್ಚುತ್ತದೆ, ಮೇಲಿನ ಊರುಗಳಲ್ಲಿ ಹೋಮ್‌ಸ್ಟೇಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ.

ಹಬ್ಬದ ಕ್ಯಾಲೆಂಡರ್ ನೋಡಿ. ಗಣೇಶ ಹಬ್ಬ ಮುಗಿಸಿ, ದಸರಾ ನೂಕುನುಗ್ಗಲಿಗೆ ಮೊದಲು ವಾಪಸ್ ಬರುವ ಹಾಗೆ ಜೋಡಿಸಿ. ಇನ್ನೊಂದು ವಿಷಯ: ಕುಲ್ಲು ದಸರಾ ಶುರುವಾಗುವುದೇ ನಮ್ಮ ದಸರಾ ಮುಗಿಯುವ ವಿಜಯದಶಮಿಯ ದಿನ. ಒಂದು ವಾರ ನಡೆಯುತ್ತದೆ. ಆ ವಾರ ಕುಲ್ಲು, ಮನಾಲಿ ಕಡೆ ಕಡಿಮೆ ರೇಟಿನ ರೂಮು ಕೇಳಲೇಬೇಡಿ.

ಹಂತ 3: ರೈಲು ಟಿಕೆಟ್, ಇಲ್ಲೇ ಅರ್ಧ ಕೆಲಸ

ನಮಗೆ ಸಿಕ್ಕಿರುವ ದೊಡ್ಡ ಅನುಕೂಲ ಅಂದ್ರೆ ಕರ್ನಾಟಕ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಸಂಜೆ ಹೊರಡುವ 12627 ಗಾಡಿ ಗುಂತಕಲ್, ರಾಯಚೂರು, ವಾಡಿ, ಕಲಬುರಗಿ ಮೂಲಕ ನೇರ ನವದೆಹಲಿಗೆ ಹೋಗುತ್ತದೆ. ರಾಯಚೂರಿನವರು ಊರಲ್ಲೇ ಹತ್ತಬಹುದು. ಬಳ್ಳಾರಿಯವರು ಗುಂತಕಲ್‌ಗೆ ಹೋಗಿ ಹತ್ತುವುದು ಸುಲಭ, ಸುಮಾರು 50 ಕಿಲೋಮೀಟರ್. ಕೊಪ್ಪಳದವರಿಗೆ ಎರಡು ದಾರಿ. ಹೊಸಪೇಟೆ, ಬಳ್ಳಾರಿ ಮೇಲೆ ರೈಲಲ್ಲಿ ಗುಂತಕಲ್‌ಗೆ ಹೋಗಬಹುದು. ಇಲ್ಲಾಂದ್ರೆ ಗಂಗಾವತಿ, ಸಿಂಧನೂರು ಮೇಲೆ ಬಸ್ಸಲ್ಲಿ ರಾಯಚೂರು ಸೇರಬಹುದು. ಹೆಣ್ಣುಮಕ್ಕಳಿಗೆ ಎರಡನೆಯದೇ ಲಾಭ. ಶಕ್ತಿ ಯೋಜನೆಯಲ್ಲಿ ಸಾದಾ ಸರ್ಕಾರಿ ಬಸ್ಸು ರಾಯಚೂರಿನ ತನಕ ಉಚಿತ. ಗುಂತಕಲ್ ಆಂಧ್ರದಲ್ಲಿದೆ, ಅಲ್ಲಿ ಅದು ನಡೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಗಾಡಿ ನಮ್ಮ ಕಡೆ ಬರುವುದು ಮಧ್ಯರಾತ್ರಿ ದಾಟಿದ ಮೇಲೆ. ಶುಕ್ರವಾರ ರಾತ್ರಿ ಊಟ ಮಾಡಿ ಸ್ಟೇಷನ್‌ಗೆ ಹೋಗುವವರ ಟಿಕೆಟ್‌ನಲ್ಲಿ ಶನಿವಾರದ ತಾರೀಖು ಇರಬೇಕು. ಇಲ್ಲಿ ಎಡವಿದವರಿಗೆ ಸ್ಟೇಷನ್‌ನಲ್ಲಿ ಯಾರೂ ಏನೂ ಮಾಡಲಾರರು, ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಬುಕ್ ಮಾಡುವಾಗ ಗಾಡಿ ನಿಮ್ಮ ಸ್ಟೇಷನ್‌ಗೆ ಬರುವ ಸಮಯ ಮತ್ತು ತಾರೀಖು ಎರಡನ್ನೂ ಜೋರಾಗಿ ಓದಿಕೊಳ್ಳಿ, ಜೊತೆಗೆ ಬರುವವರಿಗೂ ಓದಿ ಹೇಳಿ.

ಮುಂಗಡ ಬುಕ್ಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಈ ಲೆಕ್ಕ ಗಾಡಿ ಬೆಂಗಳೂರು ಬಿಡುವ ದಿನದಿಂದ. ಸೆಪ್ಟೆಂಬರ್ 16ರ ಬೆಳಗಿನ ಜಾವ ರಾಯಚೂರಿನಲ್ಲಿ ಹತ್ತುವುದಾದರೆ ಗಾಡಿ ಬೆಂಗಳೂರು ಬಿಡುವುದು 15ಕ್ಕೆ, ಹಾಗಾಗಿ ಬುಕ್ಕಿಂಗ್ ತೆರೆಯುವುದು ಜುಲೈ 17ರ ಬೆಳಗ್ಗೆ 8ಕ್ಕೆ. ಹೋಗುವ ಟಿಕೆಟ್ ತೆಗೆದು ಸಮಾಧಾನ ಪಟ್ಟುಕೊಂಡು ಕೂರಬೇಡಿ. ಬರುವ ಟಿಕೆಟ್ ತೆರೆಯುವ ದಿನಕ್ಕೂ ಮೊಬೈಲ್‌ನಲ್ಲಿ ಅಲಾರಂ ಇಡಿ. ದೆಹಲಿಯಿಂದ ಬರುವ ಗಾಡಿ 12628, ರಾತ್ರಿ ಹೊರಡುತ್ತದೆ. ತತ್ಕಾಲ್ ನಂಬಿಕೊಂಡು ಇಷ್ಟು ದೂರ ಹೋಗುವುದು ಬೇಡ. ಸಿಕ್ಕರೂ ದುಬಾರಿ, ಸಿಗದಿದ್ದರೆ ಇಡೀ ಪ್ಲಾನ್ ಬಿದ್ದುಹೋಗುತ್ತದೆ.

ಸ್ಲೀಪರ್ ಟಿಕೆಟ್ ಒಂದು ಕಡೆಗೆ ಸಾವಿರದ ಒಳಗೆ ಮುಗಿಯುತ್ತದೆ. ಥರ್ಡ್ ಎಸಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ ಹೋಗುವಾಗ ಸ್ಲೀಪರ್, ಬರುವಾಗ ಕೈಯಲ್ಲಿ ಕಾಸಿದ್ದರೆ ಎಸಿ. ಹೋಗುವಾಗ ಉತ್ಸಾಹದಲ್ಲಿ ಎಲ್ಲ ನಡೆಯುತ್ತದೆ. ಬರುವಾಗ ಮೈ ನಿದ್ದೆ ಕೇಳುತ್ತದೆ.

ಹಂತ 4: ದೆಹಲಿಯಲ್ಲಿ ಒಂದು ಹಗಲು

ರಾಯಚೂರು ಬಿಟ್ಟ ಮರುದಿನ ಬೆಳಗ್ಗೆ ದೆಹಲಿ. ಮನಾಲಿ ಬಸ್ಸು ಸಂಜೆ. ಸ್ಟೇಷನ್‌ನ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಟ್ಟು ಊರು ಸುತ್ತಿ ಬನ್ನಿ. ಬ್ಯಾಗಿಗೆ ಬೀಗ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಸ್ನಾನಕ್ಕೆ, ಸ್ವಲ್ಪ ಮಲಗುವುದಕ್ಕೆ ಸ್ಟೇಷನ್ನಿನ ಡಾರ್ಮಿಟರಿಯನ್ನು ಪಿಎನ್‌ಆರ್ ನಂಬರ್ ಹಾಕಿ ಮೊದಲೇ ಬುಕ್ ಮಾಡಬಹುದು.

ಬಸ್ ನಿಲ್ದಾಣ ಇರುವುದು ಕಾಶ್ಮೀರಿ ಗೇಟ್‌ನಲ್ಲಿ. ನವದೆಹಲಿ ಸ್ಟೇಷನ್‌ನಿಂದ ಹಳದಿ ಲೈನ್ ಮೆಟ್ರೋ ಹತ್ತಿದರೆ ಮೂರನೇ ನಿಲ್ದಾಣ. ಆಟೋದವರು ಹೇಳುವ ಕಥೆ ಕೇಳಬೇಡಿ. ಸ್ಟೇಷನ್ ಹೊರಗೆ ಬಂದ ಕೂಡಲೇ, ಸರ್ಕಾರಿ ಬಸ್ಸು ಬಂದ್ ಆಗಿದೆ, ಬುಕ್ಕಿಂಗ್ ಆಫೀಸ್ ಇಲ್ಲೇ ಇದೆ ಬನ್ನಿ ಅಂತ ಕರೆಯುವವರು ಸಿಗುತ್ತಾರೆ. ನಿಲ್ಲದೆ ನಡೆಯಿರಿ.

ಹಿಮಾಚಲ ಸರ್ಕಾರಿ ಬಸ್ಸಿಗೆ ಎಚ್‌ಆರ್‌ಟಿಸಿ ಅನ್ನುತ್ತಾರೆ. ಸಾದಾ ಬಸ್ಸು, ವೋಲ್ವೋ ಎರಡೂ ಇವೆ. 500 ಕಿಲೋಮೀಟರ್‌ಗಿಂತ ಜಾಸ್ತಿ ದೂರ, 12ರಿಂದ 14 ಗಂಟೆ. ಸಾದಾ ಬಸ್ಸಿನ ಸೀಟು ನಮ್ಮ ಕೆಂಪು ಬಸ್ಸಿನ ಸೀಟಿಗಿಂತ ಮೇಲಲ್ಲ, ಆದರೆ ವೋಲ್ವೋಗಿಂತ ಬಹಳ ಅಗ್ಗ. ಸೊಂಟ ನೋವು ಇರುವವರು ಇಲ್ಲಿ ಉಳಿಸಲು ಹೋಗಬೇಡಿ. ಬೆಟ್ಟದ ತಿರುವಿನಲ್ಲಿ ವಾಂತಿ ಬರುವವರು ಹಿಂದಿನ ಸೀಟು ಬಿಟ್ಟು ಮುಂದೆ ಕೂರಿ, ರಾತ್ರಿ ಊಟ ಕಮ್ಮಿ ಮಾಡಿ.

ದೆಹಲಿಯಿಂದ ಕೇಲಾಂಗ್ ಮೇಲೆ ಲೇಹ್‌ಗೆ ಹೋಗುವ ನೇರ ಬಸ್ಸೂ ಬೇಸಿಗೆಯಲ್ಲಿ ಓಡುತ್ತದೆ. ಅದನ್ನೇ ಹತ್ತಿ ಒಂದೇ ಸಲ ಕೇಲಾಂಗ್‌ನಲ್ಲಿ ಇಳಿಯೋಣ ಅನ್ನಿಸಬಹುದು. ಬೇಡ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 5: ಎತ್ತರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 400ರಿಂದ 550 ಮೀಟರ್ ಎತ್ತರದಲ್ಲಿವೆ. ಮನಾಲಿ 2,000 ಮೀಟರ್ ಆಸುಪಾಸು. ಕೇಲಾಂಗ್ ಸುಮಾರು 3,100. ಅಲ್ಲಿ ಗಾಳಿ ತೆಳುವಾಗಿರುತ್ತದೆ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತೊಂದರೆ ಆಗಬಹುದು. ಜಿಮ್‌ಗೆ ಹೋಗುವ ಹುಡುಗನಿಗೆ ಆಗಿ, ಅವನ ಜೊತೆ ಬಂದ ಅತ್ತೆಗೆ ಏನೂ ಆಗದೇ ಇರಬಹುದು. ಮೈಗಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟು ಬೇಗ ಏರಿದಿರಿ ಅನ್ನುವುದೇ ಮುಖ್ಯ.

ಅದಕ್ಕೇ ಮನಾಲಿಯಲ್ಲಿ ಒಂದು ರಾತ್ರಿ ಕಡ್ಡಾಯ. ಮನಾಲಿ ಪೇಟೆಯ ಬದಲು ಪಕ್ಕದ ವಶಿಷ್ಠ ಊರಿನಲ್ಲಿ ಉಳಿದರೆ ದೇವಸ್ಥಾನದ ಬಿಸಿನೀರಿನ ಕುಂಡದಲ್ಲಿ ಸ್ನಾನ ಮಾಡಬಹುದು, ಕಾಸು ಕೊಡಬೇಕಿಲ್ಲ. ಎರಡು ದಿನದ ರೈಲು, ಒಂದು ರಾತ್ರಿಯ ಬಸ್ಸು ಆದ ಮೇಲೆ ಅದಕ್ಕಿಂತ ಸುಖ ಇನ್ನೊಂದಿಲ್ಲ.

ಕೇಲಾಂಗ್ ಮುಟ್ಟಿದ ದಿನ, ಅದರ ಮರುದಿನ ಬೆಟ್ಟ ಹತ್ತಬೇಡಿ. ಪೇಟೆಯಲ್ಲಿ ಸುತ್ತಿ, ನೀರು ಕುಡಿಯಿರಿ, ಬೇಗ ಮಲಗಿ. ಎಣ್ಣೆ ಪಾರ್ಟಿ ಬೇಡ. ಸ್ವಲ್ಪ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಸೇರಿದರೆ ಇನ್ನೂ ಮೇಲಕ್ಕೆ ಹೋಗಬಾರದು. ಸುಮ್ನೆ ಕೂತಿದ್ದಾಗಲೂ ಏದುಸಿರು, ನೆಟ್ಟಗೆ ನಡೆಯಲು ಆಗದಿರುವುದು, ಮಾತು ತಪ್ಪುವುದು ಕಂಡರೆ ಅದು ಅಪಾಯ. ಆಸ್ಪತ್ರೆಗೆ ಕರೆದೊಯ್ಯಿರಿ, ಬೆಳಗಾಗಲಿ ಅಂತ ಕಾಯದೆ ಕೆಳಗೆ ಇಳಿಸಿ. ಸುರಂಗ ಇರುವುದರಿಂದ ಕೇಲಾಂಗ್‌ನಿಂದ ಮನಾಲಿಗೆ ಮೂರು ಗಂಟೆಯಲ್ಲಿ ಇಳಿಯಬಹುದು. ಮೊದಲ ಸಲ ಹೋಗುವವರಿಗೆ ನಾನು ಲಾಹೌಲ್ ಹೇಳುವುದಕ್ಕೆ ಇದೂ ಒಂದು ಕಾರಣ.

ಎತ್ತರದ ಕಾಯಿಲೆ ಬಾರದಿರಲಿ ಅಂತ ಕೊಡುವ ಡೈಯಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗಬೇಡಿ. ಊರಲ್ಲೇ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಬಿಪಿ, ಹೃದಯ, ಆಸ್ತಮಾ ತೊಂದರೆ ಇರುವವರು, ಬಸುರಿಯರು ಡಾಕ್ಟರ್ ಒಪ್ಪದೆ ಹೊರಡುವುದು ಬೇಡ.

ಕಾಲಿಗೆ ಅಭ್ಯಾಸ ಬೇಕಾದರೆ ಒಂದು ತಿಂಗಳು ಮೊದಲು ಶುರು ಮಾಡಿ. ಕೊಪ್ಪಳ, ಗಂಗಾವತಿಯವರಿಗೆ ಅಂಜನಾದ್ರಿಯ 575 ಮೆಟ್ಟಿಲು ಇದೆ. ಬಳ್ಳಾರಿಯವರಿಗೆ ಕೋಟೆ ಗುಡ್ಡ ಇದೆ. ಬ್ಯಾಗಿನಲ್ಲಿ ನಾಲ್ಕೈದು ಲೀಟರ್ ನೀರು ಹೊತ್ತು, ವಾರಕ್ಕೆ ಮೂರು ಸಲ ಹತ್ತಿ ಇಳಿಯಿರಿ. ಇದರಿಂದ ಮಂಡಿ ಗಟ್ಟಿಯಾಗುತ್ತದೆ, ಎತ್ತರದ ಕಾಯಿಲೆ ತಪ್ಪುವುದಿಲ್ಲ. ಎರಡನ್ನೂ ಕಲಸಬೇಡಿ.

ಹಂತ 6: ಕಣಿವೆಯಲ್ಲಿ ಏನು ಮಾಡುವುದು

ಕೇಲಾಂಗ್ ಅನ್ನು ಠಿಕಾಣಿ ಮಾಡಿಕೊಳ್ಳಿ. ಬಸ್ಸಿಳಿದ ಕೂಡಲೇ ಮಾಡಬೇಕಾದ ಕೆಲಸ, ನಿಲ್ದಾಣದಲ್ಲಿರುವ ಬಸ್ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳುವುದು. ಆಮೇಲೆ ಕಂಟ್ರೋಲರ್ ಹತ್ತಿರ ಹೋಗಿ ಇದರಲ್ಲಿ ನಿಜಕ್ಕೂ ಯಾವುದು ಓಡುತ್ತಿದೆ ಅಂತ ಕೇಳಿ. ಪಟ್ಟಿಯಲ್ಲಿದ್ದದ್ದೆಲ್ಲ ಓಡಬೇಕು ಅಂತ ಏನೂ ಇಲ್ಲ, ನಮ್ಮಲ್ಲೂ ಹಾಗೇ ಅಲ್ವಾ. ಹಳ್ಳಿ ಕಡೆಗೆ ಬಸ್ಸು ದಿನಕ್ಕೆ ಒಂದೋ ಎರಡೋ. ಎಷ್ಟೋ ಕಡೆ ಇರುವುದು ವಸ್ತಿ ಬಸ್ಸು, ಸಂಜೆ ಹೋಗಿ ರಾತ್ರಿ ಅಲ್ಲೇ ನಿಂತು ಬೆಳಗ್ಗೆ ವಾಪಸ್ ಬರುತ್ತದೆ. ಹಾಗಾಗಿ ಹಳ್ಳಿಗೆ ಹೋದರೆ ಒಂದು ರಾತ್ರಿ ಉಳಿಯುವ ಲೆಕ್ಕದಲ್ಲೇ ಹೋಗಿ. ಟ್ಯಾಕ್ಸಿಯವರು ಒಂದು ದಿನಕ್ಕೆ ಕೇಳುವ ದುಡ್ಡಿನಲ್ಲಿ ನಾಲ್ಕೈದು ರಾತ್ರಿಯ ರೂಮು ಆಗುತ್ತದೆ.

ಭಾಷೆಗೆ ಹೆದರಬೇಡಿ. ನಮ್ಮ ರಾಯಚೂರು, ಬಳ್ಳಾರಿ ಕಡೆಯ ಹಿಂದಿ ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಸ್ವಲ್ಪ ನಗುತ್ತಾರೆ, ಅಷ್ಟೇ.

ಮೈ ಹೊಂದಿಕೊಂಡ ಮೇಲೆ ಮೊದಲ ನಡಿಗೆ ಊರಿನ ಮೇಲಿರುವ ಶಾಶುರ್ ಬೌದ್ಧ ಮಠಕ್ಕೆ. ಒಂದೇ ಏರು, ನಿಧಾನಕ್ಕೆ ಹತ್ತಿದರೆ ಅರ್ಧ ದಿನದ ಕೆಲಸ. ಎದುರಿನ ಬೆಟ್ಟದ ಮೇಲೆ ಭಾಗಾ ನದಿಯ ಆಚೆ ಕಾಣುವುದು ಕಾರ್ದಾಂಗ್ ಮಠ. ಅದಕ್ಕೆ ಮೊದಲು ನದಿಗೆ ಇಳಿದು, ಸೇತುವೆ ದಾಟಿ, ಮತ್ತೆ ಹತ್ತಬೇಕು. ವಾಪಸ್ ಬರುವಾಗಲೂ ಒಂದು ಏರು ಬಾಕಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಅದಕ್ಕೆ ಇಡೀ ದಿನ ಕೊಡಿ, ಬುತ್ತಿ ಕಟ್ಟಿಕೊಂಡು ಹೋಗಿ.

ಕೇಲಾಂಗ್‌ಗೆ ಏಳೆಂಟು ಕಿಲೋಮೀಟರ್ ಮೊದಲು ತಾಂಡಿ ಸಿಗುತ್ತದೆ. ಅಲ್ಲಿ ಚಂದ್ರಾ ಮತ್ತು ಭಾಗಾ ಕೂಡಿ ಚಂದ್ರಭಾಗಾ ಆಗುತ್ತವೆ, ಮುಂದೆ ಜಮ್ಮುವಿಗೆ ಹೋಗಿ ಅದೇ ಚಿನಾಬ್. ತುಂಗಾ, ಭದ್ರಾ ಕೂಡಿದ ನೀರನ್ನೇ ಕುಡಿದು ಬೆಳೆದ ನಮಗೆ ಆ ಸಂಗಮ ನೋಡಲೇಬೇಕು ಅನ್ನಿಸುತ್ತದೆ. ಆದರೆ ನಮ್ಮ ಹೊಳೆಯಲ್ಲಿ ಈಜಿದ ಧೈರ್ಯವನ್ನು ಅಲ್ಲಿ ತೋರಿಸಬೇಡಿ. ಹಿಮ ಕರಗಿದ ನೀರು, ಸೆಳೆತ ಭಾರಿ. ಕಾಲು ತೊಳೆಯಲೂ ದಂಡೆಯ ಕಲ್ಲು ಗಟ್ಟಿ ಇದೆಯಾ ನೋಡಿ ಕೂರಿ. ಸಣ್ಣ ಹಳ್ಳಗಳನ್ನು ದಾಟುವುದಿದ್ದರೆ ಬೆಳಗ್ಗೆಯೇ ದಾಟಿ. ಬಿಸಿಲು ಏರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಹೆಚ್ಚುತ್ತದೆ.

ತಾಂಡಿಯಿಂದ ಚಂದ್ರಭಾಗಾ ಜೊತೆ ಪಶ್ಚಿಮಕ್ಕೆ ಹೋದರೆ ಪಟ್ಟನ್ ಕಣಿವೆ, ಉದಯಪುರ, ತ್ರಿಲೋಕನಾಥ. ನನಗೆ ಇಡೀ ಲಾಹೌಲ್‌ನಲ್ಲಿ ಇಷ್ಟವಾಗುವ ಕಡೆ ಇದೇ. ಜಾಸ್ತಿ ಜನ ಇತ್ತ ತಿರುಗದೆ ನೇರ ಲೇಹ್ ಕಡೆ ಓಡುತ್ತಾರೆ. ತ್ರಿಲೋಕನಾಥ ದೇವಸ್ಥಾನದ ಒಂದೇ ಮೂರ್ತಿಯನ್ನು ಹಿಂದೂಗಳು ಶಿವ ಅಂತ, ಬೌದ್ಧರು ಅವಲೋಕಿತೇಶ್ವರ ಅಂತ ಪೂಜಿಸುತ್ತಾರೆ. ಉದಯಪುರದ ಮೃಕುಲಾ ದೇವಿ ಗುಡಿ ಹೊರಗಿನಿಂದ ಸಾಧಾರಣ ಮನೆಯ ಹಾಗೆ ಕಾಣುತ್ತದೆ. ಒಳಗೆ ಹೋಗಿ ಕತ್ತೆತ್ತಿ ನೋಡಿ. ಮರದಲ್ಲಿ ರಾಮಾಯಣ, ಮಹಾಭಾರತದ ಕೆತ್ತನೆ. ಹಂಪಿಯ ಹಜಾರರಾಮ ಗುಡಿಯ ಗೋಡೆಯಲ್ಲಿ ರಾಮಾಯಣವನ್ನು ಕಲ್ಲಿನಲ್ಲಿ ಓದಿದವರು ಇಲ್ಲಿ ಬೇಗ ಹೊರಗೆ ಬರುವುದಿಲ್ಲ. ಟಾರ್ಚ್ ಇಟ್ಟುಕೊಂಡು ಹೋಗಿ, ಒಳಗೆ ಬೆಳಕು ಕಡಿಮೆ.

ಸೆಪ್ಟೆಂಬರ್‌ನಲ್ಲಿ ಈ ಕಣಿವೆಯ ತುಂಬ ಆಲೂಗಡ್ಡೆ, ಹೂಕೋಸಿನ ಕೊಯ್ಲು ನಡೆಯುತ್ತಿರುತ್ತದೆ. ಅಲ್ಲೂ ಕಾಲುವೆ ನೀರಿನ ಬೇಸಾಯವೇ, ಹಿಮದ ನೀರನ್ನು ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತಿರುಗಿಸಿಕೊಳ್ಳುತ್ತಾರೆ. ಫೋಟೋ ಆಸೆಗೆ ಹೊಲ ತುಳಿಯಬೇಡಿ. ನಿಮ್ಮ ಗದ್ದೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ಏನು ಅನ್ನುತ್ತೀರಿ ಅಂತ ಯೋಚಿಸಿ, ಸಾಕು.

ಇನ್ನೊಂದು ದಿಕ್ಕು ಜಿಸ್ಪಾ, ದಾರ್ಚಾ. ಭಾಗಾ ನದಿ ಅಲ್ಲಿ ಅಗಲವಾಗಿ ಹರಡಿಕೊಂಡಿದೆ, ದಂಡೆಯಲ್ಲಿ ನಡೆಯಬಹುದು. ದಾರ್ಚಾ ಆದ ಮೇಲೆ ರಸ್ತೆ 4,800 ಮೀಟರ್‌ಗಿಂತ ಎತ್ತರದ ಬಾರಾಲಾಚಾ ಕಡೆ ಏರುತ್ತದೆ. ಈ ಸಲ ಅಲ್ಲಿಗೇ ನಿಲ್ಲಿಸಿ. ಗೈಡ್ ಇಲ್ಲದೆ ರಾತ್ರಿ ಬಯಲಿನಲ್ಲಿ ಟೆಂಟ್ ಹಾಕುವ ಯೋಚನೆಯೂ ಬೇಡ. ಈ ಬೆಟ್ಟಗಳಲ್ಲಿ ಕಂದು ಕರಡಿ, ಹಿಮ ಚಿರತೆ ಇವೆ. ದರೋಜಿಯಲ್ಲಿ ಗೋಪುರದ ಮೇಲೆ ನಿಂತು ಕರಡಿ ನೋಡುವುದೇ ಬೇರೆ. ಕತ್ತಲಾಗುವ ಮೊದಲು ಊರು ಸೇರಿಬಿಡಿ, ಎತ್ತ ಕಡೆ ಹೋಗುತ್ತಿದ್ದೀರಿ ಅಂತ ರೂಮಿನವರಿಗೆ ಹೇಳಿ ಹೊರಡಿ.

ದಿನಗಳನ್ನು ಹೀಗೆ ಹಂಚಬಹುದು. ಮೊದಲ ಎರಡು ದಿನ ರೈಲು ಮತ್ತು ದೆಹಲಿ. ಮೂರನೇ ದಿನ ಮನಾಲಿ. ನಾಲ್ಕರಿಂದ ಆರು ಕೇಲಾಂಗ್. ಏಳನೇ ದಿನ ಉದಯಪುರದಲ್ಲಿ ರಾತ್ರಿ. ಎಂಟನೇ ದಿನ ವಾಪಸ್ ಕೇಲಾಂಗ್, ಬಸ್ಸು ಹೊಂದಿದರೆ ಜಿಸ್ಪಾ. ಒಂಬತ್ತು ಖಾಲಿ, ಅದನ್ನು ಯಾವುದಕ್ಕೂ ಕೊಡಬೇಡಿ. ಹತ್ತನೇ ದಿನ ಮನಾಲಿಗೆ ಇಳಿದು ರಾತ್ರಿ ಬಸ್ಸು, ಹನ್ನೊಂದರಂದು ದೆಹಲಿಯಿಂದ ರಾತ್ರಿ ರೈಲು, ಹದಿಮೂರನೇ ದಿನ ಬೆಳಗ್ಗೆ ರಾಯಚೂರು. ಶನಿವಾರದ ಜಾವ ಹತ್ತಿದರೆ ಎರಡು ವಾರಾಂತ್ಯ ಇದರಲ್ಲೇ ಸೇರುತ್ತವೆ, ರಜೆ ಸ್ವಲ್ಪ ಉಳಿಯುತ್ತದೆ.

ಹಂತ 7: ಬ್ಯಾಗಿನಲ್ಲಿ ಏನಿರಬೇಕು

ಬಳ್ಳಾರಿಯವರ ಮುಂದೆ ಹೇಳುವುದು ಕಷ್ಟ, ಆದ್ರೂ ಹೇಳುತ್ತೇನೆ: ಜೀನ್ಸ್ ಬೇಡ. ತೊಯ್ದರೆ ಆ ಚಳಿಯಲ್ಲಿ ಒಣಗುವುದಿಲ್ಲ, ಭಾರ ಬೇರೆ. ರೈಲಿಗೆ ಒಂದು ಹಾಕಿಕೊಳ್ಳಿ, ನಡಿಗೆಗೆ ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಸಾಕು. ದಪ್ಪ ಜಾಕೆಟ್‌ಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ಇಲ್ಲ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್, ಈ ಮೂರು ಪದರ ಇದ್ದರೆ ಸೆಪ್ಟೆಂಬರ್ ಚಳಿ ತಡೆಯಬಹುದು. ಮಂಕಿ ಕ್ಯಾಪ್, ಕೈಗವಸು, ಉಣ್ಣೆಯ ಕಾಲುಚೀಲ ಮರೆಯಬೇಡಿ. ಹೊಸ ಬೂಟು ಅಲ್ಲಿಗೆ ಹೋಗಿ ಹಾಕಬೇಡಿ, ಊರಲ್ಲೇ ಹಾಕಿ ಪಳಗಿಸಿ. ನಮಗೆ ಬಿಸಿಲು ಹೊಸದಲ್ಲ ಅಂತ ಸುಮ್ನಿರಬೇಡಿ. ಅಲ್ಲಿ ಗಾಳಿ ತಣ್ಣಗಿದ್ದರೂ ಬಿಸಿಲು ಚರ್ಮ ಸುಡುತ್ತದೆ, ತುಟಿ ಒಡೆಯುತ್ತದೆ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ವ್ಯಾಸಲೀನ್ ಇರಲಿ.

ಊಟದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಶೇಂಗಾ ಉಂಡೆ ಕಟ್ಟಿಕೊಂಡರೆ ರೈಲಿನ ಎರಡು ದಿನ ಪೂರ್ತಿ ಆಗುತ್ತದೆ, ಕಣಿವೆಯಲ್ಲಿ ನಡಿಗೆಯ ದಿನ ಮಧ್ಯಾಹ್ನದ ಬುತ್ತಿಯೂ ಆಗುತ್ತದೆ. ಮೆತ್ತನೆ ಚಪಾತಿ ಎರಡನೇ ದಿನಕ್ಕೇ ಬೂಸ್ಟು ಹಿಡಿಯುತ್ತದೆ, ಅದು ಮೊದಲ ಊಟಕ್ಕೆ ಮಾತ್ರ. ಮೊಸರನ್ನು ದಾರಿಯಲ್ಲಿ ಕೊಂಡರಾಯಿತು. ಅಲ್ಲಿ ರಾಜ್ಮಾ ಅನ್ನ, ಥುಕ್ಪಾ ಅನ್ನುವ ನೂಡಲ್ಸ್ ಸೂಪು, ಮೊಮೊ ಅಗ್ಗಕ್ಕೆ ಸಿಗುತ್ತವೆ.

ಅಡುಗೆ ಮಾಡಿಕೊಳ್ಳೋಣ ಅಂತ ಗ್ಯಾಸ್ ಸ್ಟೌ ಹೊರುವುದು ಬೇಡ. ಸಿಲಿಂಡರ್, ಸೀಮೆಎಣ್ಣೆ ರೈಲಿನಲ್ಲಿ ನಿಷಿದ್ಧ. ಅಲ್ಲಿಯೇ ಕೊಂಡರೂ ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ.

ಹಂತ 8: ದುಡ್ಡಿನ ಲೆಕ್ಕ

ಇದು ಅಂದಾಜು. ಇಬ್ಬರು ಒಂದು ರೂಮು ಹಂಚಿಕೊಳ್ಳುವ ಲೆಕ್ಕದಲ್ಲಿ, ಒಬ್ಬರಿಗೆ. ಸ್ಲೀಪರ್ ರೈಲು ಹೋಗಿ ಬರಲು 1,800. ದೆಹಲಿ-ಮನಾಲಿ ಸಾದಾ ಬಸ್ಸು ಎರಡೂ ಕಡೆಗೆ 2,200. ಕಣಿವೆಯ ಬಸ್ಸುಗಳಿಗೆ 800. ಏಳು ರಾತ್ರಿಗೆ ತಲಾ 500ರಂತೆ 3,500. ಊಟ, ಚಹಾಕ್ಕೆ ದಿನಕ್ಕೆ 350ರಂತೆ 12 ದಿನಕ್ಕೆ 4,200. ಮೆಟ್ರೋ, ಕ್ಲೋಕ್ ರೂಮು, ಚಿಲ್ಲರೆ ಖರ್ಚು 1,000. ಒಟ್ಟು 13,500. ವೋಲ್ವೋ ಹತ್ತಿದರೆ, ವಾಪಸ್ ಎಸಿ ತೆಗೆದರೆ ಅಷ್ಟಕ್ಕಷ್ಟು ಸೇರಿಸಿ. ಇದರ ಹೊರಗೆ 3,000 ರೂಪಾಯಿ ಬೇರೆ ಕವರಿನಲ್ಲಿ ಇಡಿ, ಅದು ಆಸ್ಪತ್ರೆ ಮತ್ತು ಟ್ಯಾಕ್ಸಿಗೆ ಮಾತ್ರ.

ನಾಲ್ಕು ಜನ ಇದ್ದರೆ ಒಳ್ಳೆಯದು. ಬಸ್ಸು ಸಿಗದ ದಿನ ಟ್ಯಾಕ್ಸಿ ಹಂಚಿಕೊಳ್ಳಬಹುದು. ಆರು ಜನ ಆದರೆ ಯಾರೂ ಯಾರ ಮಾತೂ ಕೇಳುವುದಿಲ್ಲ.

ಕೇಲಾಂಗ್‌ನಲ್ಲಿ ಎಟಿಎಂ ಇದೆ, ಫೋನ್ ಪೇ ನಡೆಯುತ್ತದೆ. ಕರೆಂಟ್, ನೆಟ್‌ವರ್ಕ್ ಹೋದ ದಿನ ಎರಡೂ ಇಲ್ಲ. ಮನಾಲಿಯಲ್ಲೇ ಐದು ಸಾವಿರ ನಗದು ತೆಗೆದು, ಅರ್ಧ ನೂರರ ನೋಟು ಮಾಡಿಕೊಳ್ಳಿ. ಗುಂಪಿನಲ್ಲಿ ಎಲ್ಲರದ್ದೂ ಒಂದೇ ಕಂಪನಿಯ ಸಿಮ್ ಇರದಂತೆ ನೋಡಿಕೊಳ್ಳಿ, ಒಬ್ಬರ ಹತ್ತಿರವಾದರೂ ಬಿಎಸ್‌ಎನ್‌ಎಲ್ ಇರಲಿ. ಪ್ರಿಪೇಯ್ಡ್ ಸಿಮ್ ಹಿಮಾಚಲದಲ್ಲಿ ನಡೆಯುತ್ತದೆ. ಲಡಾಖ್ ಗಡಿ ದಾಟಿದರೆ ನಮ್ಮ ಕಡೆಯ ಪ್ರಿಪೇಯ್ಡ್ ಕೆಲಸ ಮಾಡುವುದಿಲ್ಲ.

ಹಂತ 9: ರಸ್ತೆ ಮುಚ್ಚಿದರೆ

ಆ ಖಾಲಿ ಬಿಟ್ಟ ಒಂಬತ್ತನೇ ದಿನ ಇದಕ್ಕೇ. ಎಂಟನೇ ದಿನದಿಂದಲೇ ಸಂಜೆ ಕೇಲಾಂಗ್ ನಿಲ್ದಾಣದಲ್ಲಿ ಒಂದು ಮಾತು ಕೇಳುವ ರೂಢಿ ಮಾಡಿಕೊಳ್ಳಿ: ಮಂಡಿ ತನಕ ದಾರಿ ಹೇಗಿದೆ? ಕೆಳಗಿನಿಂದ ಬಂದ ಡ್ರೈವರ್‌ಗೆ ಗೊತ್ತಿರುವಷ್ಟು ಫೋನಿನ ನಕ್ಷೆಗೆ ಗೊತ್ತಿರುವುದಿಲ್ಲ. ಕುಲ್ಲು ಕಡೆ ಜೋರು ಮಳೆ ಅಂತ ಸುದ್ದಿ ಬಂದರೆ, ಖಾಲಿ ದಿನವನ್ನು ಬಳಸಿಕೊಂಡು ಒಂದು ದಿನ ಮೊದಲೇ ಮನಾಲಿಗೆ ಇಳಿಯಿರಿ. ಗುಡ್ಡ ಆಗಲೇ ಕುಸಿದಿದ್ದರೆ ಅವಸರ ಪಡಬೇಡಿ, ರಾತ್ರಿ ಪ್ರಯಾಣವಂತೂ ಬೇಡವೇ ಬೇಡ. ಕೇಲಾಂಗ್‌ನಲ್ಲಿ ಇನ್ನೊಂದು ರಾತ್ರಿಗೆ ಐನೂರು, ಊಟಕ್ಕೆ ಮುನ್ನೂರೈವತ್ತು, ಅಷ್ಟೇ ನಷ್ಟ.

ರೈಲು ತಪ್ಪುವುದು ಖಚಿತವಾದರೆ ಟಿಕೆಟ್ ಕೂಡಲೇ ರದ್ದು ಮಾಡಿ. ತಡ ಆದಷ್ಟೂ ಕಡಿತ ಜಾಸ್ತಿ, ಚಾರ್ಟ್ ಆದ ಮೇಲೆ ದುಡ್ಡು ಬಹುಮಟ್ಟಿಗೆ ಹೋದ ಹಾಗೆ. ದೆಹಲಿಯಿಂದ ಹೈದರಾಬಾದ್‌ಗೆ ಹೋಗುವ ಯಾವುದಾದರೂ ಗಾಡಿಯಲ್ಲಿ ಜಾಗ ನೋಡಿ, ಅಲ್ಲಿಂದ ರಾಯಚೂರಿಗೆ ದಿನವಿಡೀ ಬಸ್ಸಿವೆ. ಮನೆಗೆ ಫೋನ್ ಮಾಡಿ ಒಂದು ದಿನ ತಡ ಅಂತ ಹೇಳಿ. ಆಫೀಸಿಗೂ ಹೇಳಿ, ಆದರೆ ಹಿಂದೆ ಹಿಮದ ಬೆಟ್ಟ ಕಾಣುವ ಫೋಟೋವನ್ನು ಆ ದಿನ ಸ್ಟೇಟಸ್‌ಗೆ ಹಾಕಬೇಡಿ.